ವೂಫರಿನಲ್ಲಿ ನೆಲದ ಸಪ್ಪಳ

ಚಿರಂಜೀವಿ ಕೈಲಾಸನಿಗೆ,

ಕ್ಷೇಮವೇ ಎಂದು ಕೇಳಿ ಈ ಪತ್ರ ಸುರು ಮಾಡುವುದಿಲ್ಲ. ನೀನು ಕ್ಷೇಮವಾಗಿದ್ದೀ ಎಂಬುದು ನನಗೆ ಗೊತ್ತು. ಉದಗೀರದ ಟೈರಿನ ಅಂಗಡಿಯಲ್ಲಿ ಪಂಕ್ಚರ್ ತೆಗೆಯುತ್ತೀಯಂತೆ. ಯಾರಾದರೂ ಗಾಡಿಯಲ್ಲಿ ಜೋರಾಗಿ ಹಾಡು ಹಚ್ಚಿದರೆ ಕೆಲಸ ಬಿಟ್ಟು ಹಿಂದಿನ ಓಣಿಗೆ ಹೋಗಿ ನಿಲ್ಲುತ್ತೀಯಂತೆ. ನಿನ್ನಪ್ಪ ಮನ್ಮಥಪ್ಪ ಹೇಳಿದ. ನಾನು ಮಾಡಿದ ಫೋನು ನೀನು ಎತ್ತಲಿಲ್ಲ. ಎತ್ತಿದ್ದರೆ ಎರಡು ಮಾತು ಬೈದು ಮುಗಿಸುತ್ತಿದ್ದೆ. ಎತ್ತದ್ದಕ್ಕೆ ಈಗ ಇಷ್ಟುದ್ದ ಓದು. ಮರಾಠಿ ಸಾಲಿಯಲ್ಲಿ ಕಲಿತವನಿಗೆ ಕನ್ನಡ ಓದುವುದು ನಿಧಾನವಾದೀತು, ಆಗಲಿ. ಆ ಅಕ್ಷರಗಳನ್ನು ಕಲಿಸಿದ ಸೋದರತ್ತೆ ನಾನೇ. ನಿನಗೆ ಎಷ್ಟು ಬರುತ್ತದೆ ಎಂಬುದು ನಿನಗಿಂತ ನನಗೆ ಹೆಚ್ಚು ಗೊತ್ತು.

ಮೊದಲೇ ಹೇಳಿಬಿಡುತ್ತೇನೆ. ನೀನು ಬರಬೇಕು. ಬೊಲೆರೊ ಗಾಡಿಯಿಂದ ಕಿತ್ತು ನನ್ನ ಅಂಗಳದಲ್ಲಿ ಎಸೆದು ಹೋದ ವೈರುಗಳನ್ನು ನೀನೇ ಬಂದು ಜೋಡಿಸಬೇಕು. ಬರದಿದ್ದರೆ ಬಾಳಮ್ಮ ಮತ್ತು ಅವಳ ಮೊಮ್ಮಗಳು ಜಗದೇವಿ ಒಂದು ದಿನ ಗೋಡೆಯ ಕೆಳಗೆ ಸಿಕ್ಕು ಸಾಯುತ್ತಾರೆ. ಹೆದರಿಸುತ್ತಿದ್ದೇನೆ ಎಂದು ತಿಳಿಯಬೇಡ. ಹೋದ ವಾರ ಅದು ಸ್ವಲ್ಪದರಲ್ಲಿ ತಪ್ಪಿತು. ಅದನ್ನು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನೀನು ಓಡಿಹೋದ ದಿನವನ್ನು ಸರಿಮಾಡಬೇಕು. ನೀನು ಅದನ್ನು ತಪ್ಪಾಗಿ ನೆನಪಿಟ್ಟುಕೊಂಡು ಕುಳಿತಿದ್ದೀ ಎಂದು ನನ್ನ ಅನುಮಾನ.

ತುರೋರಿಯಲ್ಲಿ ಹೆದ್ದಾರಿಯ ಬದಿಗೆ ನೀನು ಅಂಗಡಿ ತೆರೆದಾಗ ನನಗೆ ಎಷ್ಟು ಸಿಟ್ಟು ಬಂದಿತ್ತು ಎಂಬುದು ನಿನಗೆ ನೆನಪಿರಬೇಕು. ಹುಡುಗರು ಗಾಡಿ ತಂದು, ಮದುವೆಗೆ ಮುಂಚೆ ನಿನ್ನ ಕೈಯಲ್ಲಿ ಆಂಪ್ಲಿಫೈಯರು, ಸ್ಪೀಕರು, ಎದೆಗೆ ಬಡಿಯುವ ಕೆಳದನಿಯ ಸಬ್‌ವೂಫರು ಎಲ್ಲ ಕೂಡಿಸಿಕೊಂಡು, ಮದುಮಗನನ್ನು ಮಾರುತಿ ಗುಡಿಗೆ ಕರೆದುಕೊಂಡು ಹೋಗುವಾಗ ಇಡೀ ಓಣಿಯನ್ನು ನಡುಗಿಸುತ್ತಿದ್ದರು. ನಮ್ಮ ಕಿಟಕಿಯ ಗಾಜು ಜಲ್ಲೆನ್ನುತ್ತಿತ್ತು. ಪತ್ರಿಕೆಗೆ ಬರೆದೆ, ಅವರು ಛಾಪಿಸಲಿಲ್ಲ. ಆಗ ನಿನ್ನ ಅಂಗಡಿಗೇ ಬಂದೆ.

"ಭೂಕಂಪ ಆದ ನಾಡಿನ್ಯಾಗ ನೆಲ ನಡಗ್ಸೋ ಧಂದಾ ಮಾಡ್ಲತ್ತಿ. ನಾಚ್ಗಿ ಇಲ್ಲೇನೋ ನಿನಗ?"

"ನೆಲ ಎಲ್ಲಿ ನಡಗ್ತದ ಅತ್ತಿ, ಬರೇ ತಗಡ ನಡಗ್ತದ" ಎಂದು ನೀನು ನಕ್ಕಿ. ಭೂಕಂಪ ಆದಮೇಲೆ ಹುಟ್ಟಿದವನು ನೀನು. ನಗುವುದಕ್ಕೆ ನಿನಗೆ ಅಡ್ಡಿಯೇನಿತ್ತು.

ಬೈಯಲು ಬಂದವಳು ಸ್ಟೂಲಿನ ಮೇಲೆ ಕುಳಿತೆ. ನಿನ್ನ ಕೆಲಸ ನೋಡುತ್ತ ಕುಳಿತರೆ ಸಿಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಕಷ್ಟ. ಬ್ಯಾಟರಿಯಿಂದ ದಪ್ಪ ವೈರು ತೆಗೆದಕೂಡಲೇ, ಬ್ಯಾಟರಿಯ ಮಗ್ಗುಲಲ್ಲೇ, ಫ್ಯೂಸ್ ಕೂಡಿಸುತ್ತಿದ್ದಿ. "ಫ್ಯೂಸ್ ಬ್ಯಾಡ, ಡೈರೆಕ್ಟ್ ಕೊಡು, ಆವಾಜ್ ಜಾಸ್ತಿ ಬರ್ತದ" ಎಂದು ಹಟ ಹಿಡಿದ ಒಬ್ಬನಿಗೆ ಗಾಡಿಯ ಕೀಲಿ ವಾಪಸು ಕೊಟ್ಟು, "ನಿನ್ನ ಗಾಡಿ ಸುಡಲಿಕ್ಕ ನನ್ನ ಕೈ ಬ್ಯಾಡ" ಎಂದಿ. ಆ ವೈರು ಒಂದು ಬದಿಯ ಚಾಪೆಯ ಕೆಳಗೆ, ಹಾಡು ತರುವ ಸಣ್ಣ ವೈರು ಇನ್ನೊಂದು ಬದಿಗೆ. ಎರಡನ್ನೂ ಕೂಡಿಸಿ ಒಯ್ದರೆ ಎಂಜಿನ್ನಿನ ಕುಂಯ್ ಎಂಬ ದನಿ ಹಾಡಿನೊಳಗೆ ಬರುತ್ತದೆ ಎಂದಿ. ಅರ್ಥಿಂಗ್ ವೈರು ಬಿಗಿಯುವ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಗೆ ಕಬ್ಬಿಣ ಕಾಣುವವರೆಗೆ ಉಜ್ಜುತ್ತಿದ್ದಿ. ಆಮೇಲೆ ನಾನು ವಾರಕ್ಕೊಮ್ಮೆ ಬೈಯಲು ಬರುವ ನೆಪದಲ್ಲಿ ನೋಡಲು ಬರತೊಡಗಿದೆ.

ಆ ದಿನ ನಿನ್ನ ಸ್ವಂತ ಹಳೆಯ ಬೊಲೆರೊದ ಹಿಂಬದಿಗೆ ದೊಡ್ಡ ಪ್ಲೈವುಡ್ ಡಬ್ಬ ಕೂಡಿಸಿದ್ದಿ. ಒಂದೇ ಡಬ್ಬದಲ್ಲಿ ಎರಡು ವೂಫರು. ಗಿರಾಕಿಗಳಿಗೆ ತೋರಿಸಲು ಎಂದಿ. "ಅತ್ತಿ, ಹಿಂದ ಕುಂದ್ರು. ಸಪ್ಪಳ ಎಲ್ಲಿ ಬಡೀತದ ಹೇಳು, ಎದ್ಯಾಗೋ ಹೊಟ್ಟ್ಯಾಗೋ. ಇವತ್ತು ನೀನೇ ನನ್ನ ಮೀಟರ್." ನಾನು ಕುಳಿತೆ. ನೀನು ಹಚ್ಚಿದಿ. ದೊಡ್ಡ ಡಬ್ಬ, ಸಣ್ಣ ಸಪ್ಪಳ.

"ಇಷ್ಟೇನಾ? ನಿಮ್ಮಪ್ಪನ ಗೊರಕಿ ಇದಕ್ಕಿಂತ ಜೋರದ" ಎಂದೆ.

ನೀನು ಮುಖ ಸಣ್ಣ ಮಾಡಿಕೊಂಡು ಡಬ್ಬ ಬಿಚ್ಚಿದಿ. ಒಂದು ವೂಫರಿನ ವೈರು ತಿರುಗಾಮುರುಗಾ ಆಗಿತ್ತು. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಒಂದರ ಸಪ್ಪಳವನ್ನು ಇನ್ನೊಂದು ತಿನ್ನುತ್ತಿತ್ತು. ಎರಡು ವೈರು ಅದಲುಬದಲು ಮಾಡಿದಿ. ಈ ಸಲ ಹಾಡು ಬೇಡ ಎಂದು ಮೊಬೈಲಿನಲ್ಲಿ ಬರೀ ಕೆಳಗಿನ ದನಿಯೊಂದನ್ನೇ ಬಿಟ್ಟು ಗುಂಡಿ ತಿರುಗಿಸಿದಿ.

ನಾನು ಬಾಗಿಲು ತೆಗೆದದ್ದು ನನಗೆ ನೆನಪಿಲ್ಲ. ಬರಿಗಾಲಲ್ಲಿ ರಸ್ತೆಯ ನಡುವೆ ನಿಂತಿದ್ದೆ. ಎಸ್.ಟಿ. ಬಸ್ಸಿನ ಡ್ರೈವರ್ ಬ್ರೇಕು ಒತ್ತಿ, ತಲೆ ಹೊರಗೆ ಹಾಕಿ, "ಮರಾಯಚಂ ಆಹೇ ಕಾ ಆಜೀ", ಸಾಯಬೇಕಾಗಿದೆಯೇನು ಅಜ್ಜಿ, ಎಂದು ಚೀರಿದ. ನೀನು ಬಂದು ನನ್ನ ತೋಳು ಹಿಡಿದು ಬದಿಗೆ ಎಳೆದಿ. ನಾನು ಒಂದೇ ಮಾತು ಹೇಳಿದೆ: "ಅದೇ."

ನಿನ್ನ ಮಾವ, ನನ್ನ ಯಜಮಾನರು, ಭೂಕಂಪದಲ್ಲಿ ಸತ್ತ ಸುದ್ದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಅವರು ಹೇಗೆ ಹೋದರು ಎಂಬುದನ್ನು ನಾನು ಮೊದಲು ಹೇಳಿದ್ದು ಅಂದು, ನಿನ್ನ ಅಂಗಡಿಯ ಸ್ಟೂಲಿನ ಮೇಲೆ. ಭೂಕಂಪದ ಆ ರಾತ್ರಿ ಮೊದಲು ಸಪ್ಪಳ ಬಂತು. ಲಾರಿಯ ಸಪ್ಪಳ ಕಿವಿಗೆ ಬರುತ್ತದೆ; ಇದು ಹೊಟ್ಟೆಯಲ್ಲಿ ಹುಟ್ಟಿ ಕಾಲಿಗೆ ಇಳಿಯಿತು. ನಾನು ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದೆ. ಅವರು ಒಳಗಿನಿಂದ ಎದ್ದು ಬಂದರು. ಹೊಸ್ತಿಲವರೆಗೆ ಬಂದಿದ್ದರು ಕೈಲಾಸಾ. ಇನ್ನೊಂದು ಹೆಜ್ಜೆ ಹಾಕಿದ್ದರೆ ಅಂಗಳ. ಅಲ್ಲಿ ನಿಂತು ನನ್ನನ್ನು ಕೇಳಿದರು: "ಏನ್ ಸಪ್ಪಳಾ ಅದು?" ಉತ್ತರಕ್ಕೆ ಕಾದರು. ಕಲ್ಲಿನ ಗೋಡೆಯೂ ಮಣ್ಣಿನ ಮಾಳಿಗೆಯೂ ಆ ಪ್ರಶ್ನೆಯ ಮೇಲೆಯೇ ಬಿದ್ದವು.

ನೀನು ಕೈಯಲ್ಲಿನ ವೈರು ಸುಲಿಯುತ್ತಲೇ, "ಅಂದ್ರ ಮಾವಗ ಆ ಸಪ್ಪಳ ಮದಲೇ ಗೊತ್ತಿದ್ರ?" ಎಂದಿ.

"ಗೊತ್ತಿದ್ರ ಕೇಳ್ತಿದ್ದಿಲ್ಲ. ಜಿಗೀತಿದ್ರು."

"ಈಗಿನ ಪೋರಗೋಳಿಗಿ ಗೊತ್ತದೇನು ಅತ್ತಿ?"

ಆ ಪ್ರಶ್ನೆ ನಿನ್ನದು. ಆ ದಿನ ನಿನ್ನ ಮೇಲೆ ನನಗೆ ಹುಟ್ಟಿದ ಗೌರವವನ್ನು ನೀನು ಉದಗೀರಕ್ಕೆ ಓಡಿಹೋಗಿಯೂ ಪೂರ್ತಿ ಕಳೆದುಕೊಂಡಿಲ್ಲ.

ಪ್ರತಿವರ್ಷ ಸ್ಮಾರಕದ ಮುಂದೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಹಾರ ಹಾಕುತ್ತಾರೆ. ದೊಡ್ಡವರು ಲೌಡ್‌ಸ್ಪೀಕರಿನಲ್ಲಿ ದುಃಖಪಡುತ್ತಾರೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಆ ಮಕ್ಕಳಿಗೆ, ಸಪ್ಪಳ ಹೀಗಿತ್ತು, ಇದು ಬಂದರೆ ಕೇಳುತ್ತ ನಿಲ್ಲಬೇಡಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಸಾಲಿಯ ಮಕ್ಕಳಿಗೆ ನಿನ್ನ ಡಬ್ಬದಿಂದ ಆ ಸಪ್ಪಳ ಕೇಳಿಸಿ ಹೊರಗೆ ಓಡುವ ರೂಢಿ ಮಾಡಿಸಲು ಅನುಮತಿ ಕೇಳಿ ನಾವಿಬ್ಬರೂ ಸರಕಾರಿ ಕಚೇರಿಗೆ ಹೋದೆವಲ್ಲ, ಅಲ್ಲಿಯ ಸಾಹೇಬರು ಕೊಟ್ಟ ಬಣ್ಣದ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. "ಭೂಕಂಪವಾದಾಗ ಗಟ್ಟಿಮುಟ್ಟಾದ ಮೇಜಿನ ಕೆಳಗೆ ಆಶ್ರಯ ಪಡೆಯಿರಿ." ಸಾಹೇಬರೇ, ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮೇಜಿದೆ ಎಂದು ಕೇಳಿದೆ. ಪುನರ್ವಸತಿಯಲ್ಲಿ ಕೊಟ್ಟ ಮನೆ ಸಾಲದೆ ಜನ ಅದರ ಹಿಂಬದಿಗೆ ಮತ್ತೆ ಅದೇ ಕಲ್ಲು, ಅದೇ ಮಣ್ಣಿನ ಕೋಣೆ ಕಟ್ಟಿಕೊಂಡಿದ್ದಾರೆ, ಅಂಥಲ್ಲಿ ಅಂಗಳಕ್ಕೆ ಓಡದೆ ಇನ್ನೇನು ಮಾಡಬೇಕು ಎಂದು ಕೇಳಿದೆ. ಅವರು ಗಡಿಯಾರ ನೋಡಿಕೊಂಡು, "ಬಾಯೀ, ಅಫವಾ ಪಸರವೂ ನಕಾ" ಎಂದರು. ಗಾಳಿಸುದ್ದಿ ಹಬ್ಬಿಸಬೇಡಿ ಎಂದು. ಅನುಮತಿ ಸಿಗಲಿಲ್ಲ. ಭೂಕಂಪದ ಮೇಲೆ ನಿಲಂಗಾ ಕಡೆ ಕಟ್ಟಿದ ಆ ಹೊಸ ಊರಿನ ಸಾಲಿಯ ಹೆಡ್‌ಮಾಸ್ತರು ಮಹಾದೇವಪ್ಪ ಗುರೂಜಿ ಒಬ್ಬರೇ, "ನನ್ನ ತಂಗಿನೂ ಕೇಳ್ಕೋತನೇ ಹೋಗ್ಯಾಳ ಬಾಯೀ. ಬರ್ರಿ, ಏನಾದ್ರೂ ನಾ ನೋಡ್ಕೋತೀನಿ" ಎಂದರು.

ಈಗ ಆ ದಿನ. ಸಾವಕಾಶ ಓದು.

ಗುರೂಜಿ ಹಿಂದಿನ ದಿನವೇ ಡಂಗುರ ಸಾರಿಸಿದ್ದರು. ಮಧ್ಯಾಹ್ನದ ಊಟ ಮುಗಿದ ಮೇಲೆ ಸಾಲಿಯ ಗೋಡೆಯ ಹೊರಗೆ ಬೊಲೆರೊ ನಿಲ್ಲಿಸಿ, ಹಿಂಬಾಗಿಲು ತೆಗೆದಿಟ್ಟಿ. ಮಕ್ಕಳಿಗೆ ಎಲ್ಲ ತಿಳಿಸಿ ಹೇಳಿದ್ದೆವು. ನೀನು ಗುಂಡಿ ತಿರುಗಿಸಿದಿ. ಮಕ್ಕಳು ಕಿಸಕ್ಕನೆ ನಕ್ಕವು, ಸಪ್ಪಳ ಏರಿದಂತೆ ನಗು ನಿಂತಿತು, ಗುರೂಜಿ ಸೀಟಿ ಊದಿದರು. ಮಕ್ಕಳು ಬಯಲಿಗೆ ಬಂದ ಚಂದವನ್ನು ನೋಡಲು ನಿನಗೆ ಆಗಲಿಲ್ಲ, ನಿನ್ನ ಕಣ್ಣು ಆಂಪ್ಲಿಫೈಯರಿನ ಮೇಲಿತ್ತು. ನಾನು ನೋಡಿದೆ. ಒಬ್ಬರೂ ತಳ್ಳಲಿಲ್ಲ, ಒಬ್ಬರೂ ಚೀಲಕ್ಕೆ ಹಿಂದೆ ತಿರುಗಲಿಲ್ಲ.

ಬಾಳಮ್ಮ ರಸ್ತೆಯಾಚೆ ತನ್ನ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದಳು. ಕುರಿ ಕಾಯುವ ಮನೆತನದ, ಬೀರಪ್ಪನ ಒಕ್ಕಲಿನ ಹೆಣ್ಣುಮಗಳು. ಅವಳ ಕಿವಿ ಅರ್ಧ ಹೋಗಿದೆ. ಡಂಗುರ ಅವಳಿಗೆ ಕೇಳಿಸಿರಲಿಲ್ಲ. ಮಗ ಅಂಬಣ್ಣ ಮನೆಯಲ್ಲಿ ಹೇಳಿದ್ದನಂತೆ. ಅವಳು ಎಲ್ಲದಕ್ಕೂ ತಲೆ ಆಡಿಸುವ ಹಾಗೆ ಅದಕ್ಕೂ ಆಡಿಸಿದ್ದಳು. ಆದರೆ ನಿನ್ನ ಸಪ್ಪಳ ಕಿವಿಯಿಂದ ಬರುವಂಥದ್ದಾಗಿರಲಿಲ್ಲ. ಅವಳ ಕಾಲಿಗೆ ಅದು ಸಿಕ್ಕಿತು. ಕೈಯಲ್ಲಿದ್ದ ನೂಲು ಬಿಸಾಕಿ ಎದ್ದಳು. ಎಲ್ಲರೂ ಹೊರಗೆ ಓಡುವ ಹೊತ್ತಿಗೆ ಬಾಳಮ್ಮ ಒಳಗೆ ಓಡಿದಳು.

ಮೂರನೆಯ ಇಯತ್ತೆಯ ಜಗದೇವಿ ಸಾಲು ಬಿಟ್ಟು, "ಅಜ್ಜೀ" ಎಂದು ಚೀರುತ್ತ ಅವಳ ಹಿಂದೆ ಹೋದಳು. ಹಿಂದಿನ ಕೋಣೆಯ ಬಾಗಿಲು ಬಡಿದುಕೊಂಡಿತು. ಚಿಲಕ ಬಿದ್ದ ಸಪ್ಪಳ ನಮಗೆಲ್ಲ ಕೇಳಿಸಿತು.

"ಯವ್ವಾ, ಹೊರಗ ಬಾ! ಏನೂ ಆಗಿಲ್ಲ, ಗಾಡೀದದ, ಬರೇ ಗಾಡೀ ಸಪ್ಪಳದ!" ಅಂಬಣ್ಣ ಬಾಗಿಲು ಗುದ್ದುತ್ತಿದ್ದ. ಮೊಬೈಲಿನ ಮೇಲೆ ಒಂದು ಬೆರಳು ಇಟ್ಟಿದ್ದರೆ ಸಪ್ಪಳ ನಿಲ್ಲುತ್ತಿತ್ತು. ನೀನು ಮಾತ್ರ ನಟ್ಟು ಬಿಚ್ಚುವ ಪಾನಾ ಹಿಡಿದು ಬಾನೆಟ್ಟಿಗೆ ಓಡಿ ಬ್ಯಾಟರಿಯ ವೈರು ಬಿಚ್ಚಲು ಹೋದಿ. ಪಾನಾ ತಗಡಿಗೆ ತಗುಲಿ ಕಿಡಿ ಹಾರಿತು, ನಿನ್ನ ಅಂಗೈ ಸುಟ್ಟಿತು. ಸಪ್ಪಳ ನಿಂತಿತು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಈಗ ಬೇರೆ ಸಪ್ಪಳ: ಡಬ್ಬಿಗಳು ಉರುಳುವುದು, ಹುಡುಗಿಯ ಅಳು, ನೆಲ ಕೆರೆಯುವುದು.

ಅಂಬಣ್ಣ ಮಾಡಿನ ಮೇಲಿನ ತಗಡು ಸರಿಸಿ ಒಳಗೆ ಇಳಿದು ಇಬ್ಬರನ್ನೂ ಹೊರಗೆ ತಂದ. ಬಾಳಮ್ಮ ಹಾಸಿಗೆ, ಜೋಳದ ಚೀಲ ಎಲ್ಲ ಎಳೆದು ಹಾಕಿ, ಕೈಯಿಂದ ನೆಲ ಅಗೆದಿದ್ದಳು. ಉಗುರೆಲ್ಲ ರಕ್ತ. ಜಗದೇವಿಯ ಮುಖ ಹಿಡಿದು, "ಒಂದ್ ಸಿಕ್ತು, ಇನ್ನೊಂದ್ ಎಲ್ಲದ?" ಎಂದು ಕೇಳುತ್ತಿದ್ದಳು. ಅವಳ ಎರಡು ಮಕ್ಕಳು ಭೂಕಂಪದ ರಾತ್ರಿ ಮನೆಯ ಒಳಗೆ ಮಲಗಿದ್ದವು, ಅಲ್ಲೇ ಹೋದವು. ಅವಳು ಗಂಡನ ಜೊತೆ, ಕೈಗೂಸು ಅಂಬಣ್ಣನನ್ನು ಕಟ್ಟಿಕೊಂಡು, ಕುರಿಹಟ್ಟಿಯಲ್ಲಿದ್ದಳು. ಅದು ನಿನಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆ ಊರಲ್ಲಿ ಯಾರೂ ಯಾರಿಗೂ ಆ ಲೆಕ್ಕ ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಅದು ಇರುವುದರಿಂದ.

ಅಂಬಣ್ಣ ಬಡಿಗೆ ಎತ್ತಿದ್ದು ನಿಜ. "ನಮ್ಮವ್ವನ ಎರಡನೇ ಸಲ ಹೂತ್ಯಲ್ಲೋ ಭಾಡ್ಯಾ" ಎಂದದ್ದೂ ನಿಜ. ನೀನು ತಲೆ ತಗ್ಗಿಸಿ ನಿಂತಿ, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದಿ. ಗುರೂಜಿ ನಡುವೆ ಬಂದರು. ಸಂಜೆಯೊಳಗೆ ಆ ಸಾಹೇಬರು ಜೀಪಿನಲ್ಲಿ ಬಂದು, ಗುರೂಜಿಯವರಿಗೆ ನೌಕರಿ ಉಳಿಯುವುದಿಲ್ಲ ಎಂದೂ ನಿನಗೆ ಪೋಲೀಸರನ್ನು ಕರೆಸುತ್ತೇನೆ ಎಂದೂ ಕೂಗಾಡಿದರು. ಊರು ಕಟ್ಟಿದ ಮೇಲೆ ಆ ಹಿಂದಿನ ಕೋಣೆಗಳನ್ನು ನೋಡಲು ಒಮ್ಮೆಯೂ ಬಾರದ ಜೀಪು ಅಂದು ಎಷ್ಟು ಬೇಗ ಬಂತು! ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಪತ್ರ ನಿನ್ನ ತಾಯಿಯ ಕೈಗೂ ಸಿಗಬಹುದು.

ನೀನು ಉಮರಗಾಕ್ಕೆ ಬಂದು, ನನ್ನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸುಟ್ಟ ಕೈಯಿಂದಲೇ ಎಲ್ಲ ವೈರು ಕಿತ್ತಿ. ನಾನು ತಡೆದೆ. "ನಾ ಒಂದ್ ಜೀವದ ಜೋಡಿ ಆಟ ಆಡ್ದೆ ಅತ್ತಿ. ಇನ್ನ ವೈರ್ ಮುಟ್ಟಂಗಿಲ್ಲ" ಎಂದಿ. ಆಟ ಎಂಬ ಮಾತು ನನಗೆ ಸೇರಲಿಲ್ಲ. ಈಗಲೂ ಸೇರಿಲ್ಲ. ಆಡಿದವರು ಬೇರೆ. ಮೇಜಿನ ಕೆಳಗೆ ಕುಳಿತುಕೊಳ್ಳಿ ಎಂದು ಬರೆದವರು ಆಟ ಆಡಿದರು. ನೀನು ಕೇಳಿದ್ದು ನಿಜವಾದ ಪ್ರಶ್ನೆ, ಅದಕ್ಕೆ ನಿಜವಾದ ಉತ್ತರ ಬಂತು. ಆ ಉತ್ತರ ನೋಡಿ ನೀನು ಹೆದರಿ ಓಡಿದಿ. ಆ ಊರಲ್ಲಿ ನೆಲ ನಡುಗಿದರೆ ಒಳಗೆ ಓಡುವವಳು ಒಬ್ಬಳಿದ್ದಾಳೆ, ಅವಳ ಹಿಂದೆ ಹೋಗುವ ಮಗುವೊಂದಿದೆ ಎಂಬುದು ನಮಗೆ ತಿಳಿದದ್ದು ನಿನ್ನ ಡಬ್ಬದಿಂದಲೇ, ಗೋಡೆ ಬೀಳುವ ಮೊದಲೇ.

ಹೋದ ವಾರ ಆ ಕಡೆ ನೆಲದೊಳಗಿಂದಲೇ ಸಪ್ಪಳ ಬಂತು. ನಿನ್ನದಲ್ಲ, ನೆಲದ್ದು. ಹಗಲು ಹೊತ್ತು, ಸಾಲಿ ನಡೆದಿತ್ತು. ಭಾಂಡಿಗಳು ಅಲುಗಿದವು, ಮನೆ ಯಾವುದೂ ಬೀಳಲಿಲ್ಲ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಗುರೂಜಿ ತಿರುಗಿ ನೋಡುವಷ್ಟರಲ್ಲಿ ಕೋಣೆ ಖಾಲಿ. ಮಕ್ಕಳೆಲ್ಲ ಬಯಲಲ್ಲಿ. ಒಂದು ಸಣ್ಣದು, "ಕೈಲಾಸ ಮಾಮಾ ಬಂದಾನೇನ್ರಿ?" ಎಂದು ಗಾಡಿ ಹುಡುಕುತ್ತಿತ್ತಂತೆ. ಗುರೂಜಿ ಫೋನಿನಲ್ಲಿ ಇದನ್ನು ಹೇಳುತ್ತ ಅತ್ತುಬಿಟ್ಟರು. ಆಮೇಲೆ ಉಳಿದದ್ದನ್ನು ಹೇಳಿದರು. ಬಾಳಮ್ಮ ಮತ್ತೆ ಒಳಗೆ ಹೋಗಿದ್ದಳು. ಜಗದೇವಿ ಮತ್ತೆ ಹಿಂದೆ ಹೋಗಿದ್ದಳು. ಹಿಂದಿನ ಕೋಣೆಯ ಗೋಡೆ ಹೊಟ್ಟೆ ಬಿಟ್ಟು ನಿಂತಿದೆಯಲ್ಲ,  ಅದರಿಂದ ಕಲ್ಲುಗಳು ಜಾರಿ ಹೊರಸಿನ ಮೇಲೆ ಬಿದ್ದವು. ಹುಡುಗಿ ಹೊರಸಿನ ಆಚೆ ಬದಿಗಿದ್ದಳು.

ನಾನು ಮರುದಿನವೇ ಹೋದೆ. ಮೊದಲು ಜಗದೇವಿಯನ್ನು ಗದರಿದೆ. ಅವಳು ಹೆದರಲಿಲ್ಲ. "ಅಜ್ಜಿ ಒಳಗ ಹೋದ್ರ ನಾ ಹ್ಯಾಂಗ್ ಹೊರಗ ನಿಂದರ್ಲಿ?" ಎಂದಳು. ಅಂಬಣ್ಣನಿಗೆ, ಗೋಡೆ ಕೆಡವಯ್ಯ ಎಂದೆ. ಕೆಡವಲು ಹೋದಾಗಲೆಲ್ಲ ಅವನ ತಾಯಿ ಅಡ್ಡ ಮಲಗುತ್ತಾಳಂತೆ. ಅವು ಹಳೆಯ ಊರಿನ ಮನೆಯ ಕಲ್ಲುಗಳು. ಅವಳ ಆ ಎರಡು ಮಕ್ಕಳ ಮೇಲೆ ಬಿದ್ದಂಥವು. ಅವಳೇ ಬಂಡಿಯಲ್ಲಿ ಹೇರಿಕೊಂಡು ಬಂದದ್ದು.

ಕಡೆಗೆ ಬಾಳಮ್ಮನ ಮಗ್ಗುಲಲ್ಲಿ ಕುಳಿತು, ಅವಳ ಕಿವಿಯ ಹತ್ತಿರ ಬಾಯಿ ಇಟ್ಟು ಕೇಳಿದೆ: "ಯಾಕ ಒಳಗ ಹೋಗ್ತಿ ಬಾಳಮ್ಮಾ? ಅವು ಅಲ್ಲಿಲ್ಲ."

ಅವಳು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. "ಅವು ಇಲ್ಲಂತ ನನಗ ಗೊತ್ತಿಲ್ಲೇನ್ ಬಾಯೀ? ನಾನೇ ಮಣ್ ಕೊಟ್ಟೀನಿ. ತಲಿಗಿ ಗೊತ್ತದ. ಕಾಲಿಗಿ ಗೊತ್ತಿಲ್ಲ."

ಅವಳೇ ಮುಂದುವರಿಸಿದಳು. "ಬೆದರಿದ ಕುರಿ ಹಟ್ಟಿಗೇ ಓಡ್ತದ. ಹಟ್ಟಿಗಿ ಬೆಂಕಿ ಹತ್ತಿದ್ರೂ ಹಟ್ಟಿಗೇ ಓಡ್ತದ. ಬೈದ್ರ ಕೇಳ್ತದೇನು, ಬಡದ್ರ ಕೇಳ್ತದೇನು? ಮುಂದಿನ ಟಗರಿಗಿ ರೂಢಿ ಹಾಕ್ಬೇಕು. ಅದಕ್ಕ ಸಣ್ಣ ಬೆದರಿಕಿ ಕೊಡ್ಬೇಕು, ಕೊಂಬ ಹಿಡದು ಬೈಲಿಗಿ ತರ್ಬೇಕು. ಮರುದಿನ ಸ್ವಲ್ಪ ಜಾಸ್ತಿ ಬೆದರಿಕಿ, ಮತ್ತ ಬೈಲಿಗಿ. ಹಿಂಗ ಮಾಡಿ ಮಾಡಿ ಅದರ ಕಾಲಿಗಿ ಬೈಲು ಗೊತ್ತಾಗ್ತದ. ಟಗರು ಹೊರಗ ಬಂದ್ರ ಹಿಂಡು ತಾನೇ ಬರ್ತದ." ಎದುರಿಗೆ ಕುಂಟೆಬಿಲ್ಲೆ ಆಡುತ್ತಿದ್ದ ಜಗದೇವಿಯ ಕಡೆ ಗದ್ದ ಎತ್ತಿದಳು. "ನನ್ನ ಹಿಂಡು ಅಷ್ಟೇ ಅದ. ಆ ಡಬ್ಬಾದ ಹುಡುಗಗ ಬಾ ಅನ್ನು."

"ಗ್ವಾಡಿ?" ಎಂದೆ.

"ಮದಲ ಕಾಲು. ಆಮ್ಯಾಲ ಗ್ವಾಡಿ. ಕಾಲು ಕಲ್ತಮ್ಯಾಲ ಆ ಗ್ವಾಡಿ ನನಗ ಯಾಕ್ ಬೇಕು?"

ಕೈಲಾಸಾ, ನಿನ್ನನ್ನು ಬಿಟ್ಟು ಈ ಕೆಲಸ ಆಗುತ್ತದೇನೋ ಎಂದು ನಾನು ನೋಡಿದೆ. ಸುಳ್ಳು ಯಾಕೆ ಹೇಳಲಿ. ಉಮರಗಾದ ಒಬ್ಬ ಇಲೆಕ್ಟ್ರಿಶಿಯನ್‌ನನ್ನು ಕರೆದು ಬೊಲೆರೊಗೆ ಎಲ್ಲ ಜೋಡಿಸಲು ಹೇಳಿದೆ. ಮನೆಯ ಲೈಟು, ಫ್ಯಾನು ಚೆನ್ನಾಗಿ ಮಾಡುವವನೇ. ಹಚ್ಚಿದರೆ ಡಬ್ಬದಿಂದ ಪಾಪಡದಂಥ ಸಪ್ಪಳ ಬಂತು, ಎಂಜಿನ್ ಸುರು ಮಾಡಿದರೆ ಕುಂಯ್ ಎಂದಿತು. ಆದರೂ ಆ ಊರಿಗೆ ಒಯ್ದೆವು. ಬಾಳಮ್ಮ ಅಂಗೈಯನ್ನು ನೆಲಕ್ಕೆ ಊರಿ ಹೊತ್ತು ಹೋಗುವವರೆಗೆ ಕುಳಿತು, "ಇದು ಅದಲ್ಲ. ಇದು ಹೇಸರಗತ್ತಿ ಹೊಟ್ಟಿ ಸಪ್ಪಳ" ಎಂದಳು. ಜನ ನಕ್ಕರು. ನಾನು ನಗಲಿಲ್ಲ. ಮುಂದಿನ ಸಪ್ಪಳ ಯಾವಾಗ ಬರುತ್ತದೆ, ಎಷ್ಟು ದೊಡ್ಡದು ಬರುತ್ತದೆ, ನನಗೆ ಗೊತ್ತಿಲ್ಲ, ಸಾಹೇಬರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಆ ಗೋಡೆ ಎಷ್ಟು ಹೊಟ್ಟೆ ಬಿಟ್ಟಿದೆ ಎಂಬುದು. ನೋಡಿ ಬಂದ ದಿನದಿಂದ ಹೆದ್ದಾರಿಯಲ್ಲಿ ದೊಡ್ಡ ಲಾರಿ ಹೋದರೂ ನಾನು ಗುರೂಜಿಗೆ ಫೋನು ಮಾಡುತ್ತೇನೆ.

ನೀನು ಹೆದರುತ್ತೀ, ಅದೂ ಗೊತ್ತು. ಮತ್ತೆ ಗುಂಡಿ ತಿರುಗಿಸಿದಾಗ ಮತ್ತೆ ಅವಳು ಒಳಗೆ ಓಡಿದರೆ? ಓಡಬಹುದು. ಅದಕ್ಕೇ ಸಣ್ಣದರಿಂದ ಸುರು ಮಾಡಬೇಕು ಎಂದಿದ್ದಾಳೆ. ಕಿವಿಗೆ ಕೇಳಿಸದಷ್ಟು, ಕಾಲಿಗೆ ಮಾತ್ರ ತಿಳಿಯುವಷ್ಟು. ಅಷ್ಟು ಸಣ್ಣ ಸಪ್ಪಳವನ್ನು ಅಷ್ಟು ಕೆಳಗೆ ಹಿಡಿದು ನಿಲ್ಲಿಸುವುದು ಆಂಪ್ಲಿಫೈಯರಿಗೆ ಕಷ್ಟದ ಕೆಲಸ ಎಂದು ನೀನೇ ಒಮ್ಮೆ ಹೇಳಿದ್ದಿ. ಜೋರು ಮಾಡುವುದು ಯಾರಿಗಾದರೂ ಬರುತ್ತದೆ ಎಂದಿದ್ದಿ.

ಸೋಮವಾರ ಬೆಳಿಗ್ಗೆ ಅಂಬಣ್ಣ ಉದಗೀರಕ್ಕೆ ಬರುತ್ತಾನೆ. ನಿನ್ನನ್ನು ಕರೆದುಕೊಂಡು ಬರಲು ಬೇರೆಯವರನ್ನು ಕಳಿಸುತ್ತೇನೆ ಎಂದರೆ ಕೇಳಲಿಲ್ಲ. "ಬಡಿಗಿ ಎತ್ತಿದಾಂವ ನಾನು. ನಾನೇ ಹೋಗ್ತೀನಿ" ಎಂದ. ಹೊರಟವನು ತಿರುಗಿ, "ಬಾಯೀ, ಅಂವಾ ನನ್ನ ನೋಡಿ ಓಡಿದ್ರ?" ಎಂದು ಕೇಳಿದ.

"ಓಡಿದ್ರ ನೀ ಬೆನ್ನ ಹತ್ತಬ್ಯಾಡ. ಅಂಗಡಿ ಮುಂದ ಕುಂದ್ರು. ಬರ್ತಾನ" ಎಂದೆ.

ಅವನಿಗೆ ಮಾತು ಬರುವುದಿಲ್ಲ, ತಪ್ಪಾಯಿತು ಎಂದು ಹೇಳಲಾರ. ನಿನ್ನ ಅಂಗೈ ನೋಡಲು ಕೇಳಬಹುದು. ತೋರಿಸು. ಬರುವಾಗ ನಿಲಂಗಾದಲ್ಲಿ ಬಸ್ಸು ನಿಂತರೆ ಅವನಿಗೆ ಚಹಾ ಕುಡಿಸು, ಬೆಳಿಗ್ಗೆಯಿಂದ ಏನೂ ತಿಂದಿರುವುದಿಲ್ಲ. ಉಮರಗಾಕ್ಕೆ ಬಂದು ಗಾಡಿ ಸರಿಮಾಡು. ಮರುದಿನ ನಾವು ಮೂವರೂ ಹೋಗೋಣ. ಬಾಳಮ್ಮ ಹೊಸ್ತಿಲ ಒಳಗೆ ನಿಲ್ಲುತ್ತಾಳೆ, ಅಂಬಣ್ಣ ಅಂಗಳದಿಂದ ಅವಳ ಕೈ ಹಿಡಿದಿರುತ್ತಾನೆ, ಜಗದೇವಿ ಬಯಲಲ್ಲಿ ನನ್ನ ಹತ್ತಿರ ಇರುತ್ತಾಳೆ. ನೀನು ಗುಂಡಿಯನ್ನು ಒಂದು ಕೂದಲೆಳೆಯಷ್ಟು ತಿರುಗಿಸು. ಅವಳ ಎಡಗಾಲು ಹೊರಗೆ ಬೀಳುವವರೆಗೆ ಕಾಯಿ. ಆಮೇಲೆ ಬಲಗಾಲು. ಅದಕ್ಕಿಂತ ಮೊದಲು ನಿನ್ನ ಕಣ್ಣು ಆಂಪ್ಲಿಫೈಯರಿನ ಕಡೆ ಹೋಗಕೂಡದು. ಈ ಸಲ ನೀನು ನೋಡಬೇಕಾದದ್ದು ಅವಳನ್ನು.

ಜೋಡಿಸುವ ಕೈಗೆ ಧೈರ್ಯ ಬರಲಿ, ತಿರುಗಿಸುವ ಬೆರಳಿಗೆ ಕರುಣೆ ಬರಲಿ. ಶಿವ ನಿನ್ನ ಬೆನ್ನಿಗಿರಲಿ. ಎದುರಿಗೆ ಅಂಬಣ್ಣ ಇರುತ್ತಾನೆ.

ದಾರಿ ನೋಡುತ್ತಿರುವ ನಿನ್ನ ಅತ್ತೆ,
ಕಾಂತಾಬಾಯಿ
ಉಮರಗಾ